ಕನ್ನಡಿ ಆಟದಲ್ಲಿ ಸಂಗಮೇಶ

ಸಂಗಮೇಶನಷ್ಟು ಸೆಟೆದುಕೊಂಡ ಮನುಷ್ಯ ಹ್ಯೂಸ್ಟನ್‌ನಿಂದ ಡಲ್ಲಾಸ್‌ವರೆಗೆ ಜರಡಿ ಹಿಡಿದರೂ ಸಿಗುತ್ತಿರಲಿಲ್ಲ. ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ಅವನು ಬಾಹ್ಯಾಕಾಶಕ್ಕೆ ಹೋಗುವ ರೋಬೋಗಳಿಗೆ ತೋಳು ಮಾಡುತ್ತಿದ್ದ. ಆ ತೋಳುಗಳು ಹದಿನೇಳು ಕಡೆ ಬಾಗುತ್ತಿದ್ದವು. ಅವನ ತೋಳು ಮೊಣಕೈಯಲ್ಲಿ ಬಾಗುವುದಕ್ಕೂ ಮೀನಮೇಷ ಎಣಿಸುತ್ತಿತ್ತು. ಅವನು ಬಗ್ಗಿ ಶೂ ಲೇಸ್ ಕಟ್ಟಿದರೆ ಬೆನ್ನಿನ ಲಟಲಟ ಸದ್ದಿಗೆ ಪಕ್ಕದ ಬೀದಿಯ ನಾಯಿಗಳು ಬೊಗಳುತ್ತಿದ್ದವು. ನಂಬಿಕೆ ಬರದಿದ್ದರೆ ನಾಯಿಗಳನ್ನೇ ಕೇಳಿ.

ಇಂಥವನು ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ನ ಕ್ಲಬ್‌ಹೌಸಿನಲ್ಲಿ, ಪುಟಾಣಿಗಳ ಹಾಡು-ಕುಣಿತದ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತದ್ದು ಅಕ್ಕನ ಮಗಳು ನಿಧಿಯ ದೆಸೆಯಿಂದ. ನಾಲ್ಕು ವರ್ಷದ ನಿಧಿ ಒಂದು ಆಟಿಕೆ ಕಿತ್ತುಕೊಂಡಳೆಂದರೆ, ಎದುರಿನ ಮಗು ಅತ್ತು ಹೊಳೆ ಹರಿಸಿದರೂ ಆ ಹೊಳೆಯನ್ನು ದಾಟಿಕೊಂಡು ಹೋಗುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ.

ಟೀಚರ್ ಶರ್ವಾಣಿ ಮೈಸೂರಿನವಳು. ಮಕ್ಕಳು ಒಂದೇ ತಾಳಕ್ಕೆ ಜೊತೆಜೊತೆಯಾಗಿ ಮೈ ಕುಣಿಸಿದರೆ ಇನ್ನೊಬ್ಬರ ಮನಸ್ಸು ತಾನಾಗಿ ತಿಳಿಯುತ್ತದೆ ಎಂಬುದು ಅವಳ ನಂಬಿಕೆ. ಅವಳು ಕಂಜಿರ ತಟ್ಟಿದರೆ ಹೊರಗಿನ ಕೆರೆಯ ಬಾತುಗಳೂ ತಾಳ ಹಾಕುತ್ತಿದ್ದವು.

ಅಂದು ಅಕ್ಕನಿಗೆ ಡ್ಯೂಟಿ. ವೀಕೆಂಡಿಗೆ ಬಂದಿದ್ದ ಸಂಗಮೇಶ ಮಗುವನ್ನು ಒಳಗೆ ಬಿಟ್ಟು ಕಾರಿನ ಕಡೆ ಓಡುವವನಿದ್ದ. ಶರ್ವಾಣಿ ತಡೆದಳು.

"ಹಲೋ, ಎಲ್ಲಿಗೆ? ಇಲ್ಲಿ ದೊಡ್ಡವರೂ ಕುಣೀಬೇಕು."

"ನನಗ ಕುಣಿಯಾಕ ಬರಂಗಿಲ್ರಿ."

"ಹಾಗಾದ್ರೆ ಕನ್ನಡಿ ಆಟ. ನೀವೇನು ಮಾಡ್ತೀರೋ ಅದನ್ನೇ ನಾನು ಮಾಡ್ತೀನಿ. ಮಕ್ಕಳೇ, ಎಲ್ಲ ನೋಡಿ! ಕನ್ನಡಿ ಮುಟ್ಟಿದವರು ಔಟ್."

ಅವಳು ಎದುರಿಗೆ ಬಂದು ನಿಂತಳು. ಹೆದರಿಕೆಗೆ ಅವನ ಹುಬ್ಬು ಮೇಲೆ ಹೋಯಿತು. ಅವಳ ಹುಬ್ಬೂ ಹೋಯಿತು. ಅವನ ತುಟಿಯ ತುದಿ ಅದುರಿತು. ಅವಳ ತುಟಿಯೂ ಅದುರಿ, ಜೊತೆಗೆ ಕೆನ್ನೆಯಲ್ಲೊಂದು ಗುಳಿ ಬಿತ್ತು. ಗಾಬರಿಯಿಂದ ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಅವಳ ಕೈ ಬಳೆಗಳನ್ನು ಜಾರಿಸುತ್ತಾ ನಿಧಾನವಾಗಿ ಅವಳ ಎದೆಯ ಮೇಲೆ ಬಂದು ಕೂತಿತು. ಕಣ್ಣು ಅವನ ಕಣ್ಣಲ್ಲೇ.

ಅಷ್ಟೇ. ಅವನ ಮಟ್ಟಿಗೆ ಅಲ್ಲಿಗೆ ಮದುವೆ ಮುಗಿದು, ಪಕ್ಕದೂರು ಯೂಲೆಸ್‌ನ ಹಾಲ್‌ನಲ್ಲಿ ರಿಸೆಪ್ಷನ್ನೂ ಆಗಿ, ಐಸ್‌ಕ್ರೀಮು ಖಾಲಿಯಾಗಿತ್ತು.

ಮುಂದಿನ ಭಾನುವಾರದಿಂದ ನಿಧಿಯನ್ನು ಕ್ಲಾಸಿಗೆ ಕರೆದೊಯ್ಯಲು ಅವನು ಕ್ಲಿಯರ್ ಲೇಕ್‌ನಿಂದಲೇ ಡ್ರೈವ್ ಮಾಡಿಕೊಂಡು ಬರತೊಡಗಿದ. ಬರಲು ಐದು ಗಂಟೆ, ಹೋಗಲು ಐದು ಗಂಟೆ, ಕ್ಲಾಸು ಮುಕ್ಕಾಲು ಗಂಟೆ.

ಅಕ್ಕನ ಮನೆಯಲ್ಲಿದ್ದ ತಾಯಿ ಕಾಶವ್ವ ಮೂಗು ಮುರಿದಳು. "ಏನಲೇ ಸಂಗ್ಯಾ, ಹಬ್ಬಕ್ಕ ಬಾ ಅಂದ್ರ ಟ್ರಾಫಿಕ್ ಅಂತಿದ್ದಿ. ಈಗ ರಸ್ತೆದಾಗಿನ ಗಾಡಿ ಎಲ್ಲಾ ಎಲ್ಲಿ ಹ್ವಾದ್ವು?"

"ನಿಧಿ ಸುಧಾರಸಾಕತ್ತಾಳವ್ವ."

"ಅಕಿ ಸುಧಾರಸಾಕ ನೀ ಯಾಕ ಅರ್ಧ ಬಾಟ್ಲಿ ಸೆಂಟ್ ಹೊಡ್ಕೊಂಡಿ?"

ಹೀಗಿರುವಾಗ ಒಂದು ಭಾನುವಾರ ಶರ್ವಾಣಿ ಕಂಜಿರ ಕೈಗೆತ್ತಿಕೊಂಡು ಹೇಳಿದಳು: "ಇವತ್ತು ಇಲ್ಲಿ ನನ್ನ ಕೊನೇ ಕ್ಲಾಸ್. ಆಸ್ಟಿನ್‌ಗೆ ಶಿಫ್ಟ್ ಆಗ್ತಿದೀನಿ. ಅಲ್ಲಿ ಪ್ರೀಸ್ಕೂಲಲ್ಲಿ ಕೆಲಸ ಸಿಕ್ತು."

ಇಂದು ಹೇಳದಿದ್ದರೆ ಇನ್ನೆಂದೂ ಇಲ್ಲ. ಸಂಗಮೇಶ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಾಗಲೇ, ದುಷ್ಯಂತ್ ಎಂಬ ಪೋರನ ಜೊತೆ ಅಂದೇ ಮೊದಲು ಬಂದಿದ್ದ ತಾತ ಬದರಿನಾಥ ಅಂಕಲ್ ಎದುರು ಹೋಗಿ ನಿಂತಳು ಶರ್ವಾಣಿ. ಅಂಕಲ್ ಮೀಸೆ ತಿರುವಿದರು. ಅವಳು ಇಲ್ಲದ ಮೀಸೆ ತಿರುವಿದಳು. ಅವರು ನಕ್ಕರು, ಅವಳ ಕೆನ್ನೆಯಲ್ಲಿ ಅದೇ ಗುಳಿ ಬಿತ್ತು. ಅವರು ಎದೆಯ ಮೇಲೆ ಕೈಯಿಟ್ಟರು. ಅವಳೂ ಇಟ್ಟಳು. ಅದೇ ನಿಧಾನ, ಅದೇ ಬಳೆ, ಅದೇ ಕಣ್ಣು!

ರಿಸೆಪ್ಷನ್ ರದ್ದಾಯಿತು. ಸಂಗಮೇಶ ಮೂಲೆಯ ಶೂ ರ‍್ಯಾಕ್ ಪಕ್ಕ ಕುಸಿದು ಕೂತ. ಹುಟ್ಟಿದಾಗಿನಿಂದ ಬಾಗದವನು ಅಂದು ಬಾಗಿದ: ಕತ್ತು, ಭುಜ, ಬೆನ್ನು, ಮೊಣಕಾಲು, ಹದಿನೇಳೂ ಕಡೆ.

ಕಂಜಿರ ನಿಧಾನವಾಯಿತು. ತಾಳ ಭಾರವಾದಂತೆ ಮಕ್ಕಳು ಭಾರವಾಗಿ ಹೆಜ್ಜೆ ಹಾಕಬೇಕು. ನಿಧಿ ಹಾಕುತ್ತಾ ಹಾಕುತ್ತಾ ನಿಂತಳು. ಮಾಮನನ್ನು ನೋಡಿದಳು. ಬಂದು ಪಕ್ಕದಲ್ಲಿ ಕೂತು, ಅವನ ಹಾಗೆಯೇ ಭುಜ ಇಳಿಬಿಟ್ಟು, ಅವನ ಹಾಗೆಯೇ ನಿಟ್ಟುಸಿರು ಬಿಟ್ಟಳು. "ಮಾಮಾ, ಆರ್ ಯು ಸ್ಯಾಡ್?" ಕ್ಲಾಸಿನ ಶುರುವಿನಲ್ಲಿ ದುಷ್ಯಂತ್‌ನಿಂದ ಕಿತ್ತುಕೊಂಡಿದ್ದ ರಬ್ಬರ್ ಬಾತನ್ನು ಅವನ ತೊಡೆಯ ಮೇಲಿಟ್ಟಳು.

ದುಷ್ಯಂತ್ ಬಂದು ಕೂತ. ಉಳಿದವರೂ ಬಂದರು. ಎರಡು ನಿಮಿಷದಲ್ಲಿ ಶೂ ರ‍್ಯಾಕ್ ಸುತ್ತ ಸಂತಾಪ ಸಭೆಯೇ ನೆರೆಯಿತು. ಬದರಿನಾಥ ಅಂಕಲ್ ಮೂಗು ಸೀಟಿದ ಸದ್ದಿಗೆ ಏರ್‌ಪೋರ್ಟಿನಲ್ಲಿ ವಿಮಾನಗಳು ತಡವಾದವು.

"ನಿಧಿ ತಾನಾಗೇ ನೋಡಿದ್ಲು!" ಶರ್ವಾಣಿಯ ಕಣ್ಣು ತುಂಬಿತ್ತು. ಆಮೇಲೆ ಮೆಲ್ಲಗೆ ಕೇಳಿದಳು, "ನಿಮಗೇನಾಯ್ತು?"

"ಅವತ್ತು ನೀವು ಎದಿ ಮ್ಯಾಲ ಕೈ ಇಟ್ರಿ. ನಾ ಅದನ್ನ ಖರೇ ಅಂತ ತಿಳ್ಕೊಂಡೆ. ವಾರಾವಾರಾ ಅದಕ್ಕಂತನ ಬಂದೆ." ಅವನು ರಬ್ಬರ್ ಬಾತಿಗೆ ಹೇಳಿದ. "ಅಂಕಲ್‌ಗೂ ಇಡ್ತೀರಂತ ಗೊತ್ತಿರ್ಲಿಲ್ರಿ."

ಅವಳು ತುಟಿ ಕಚ್ಚಿ ನಗು ತಡೆದಳು. "ಅರ್ಧ ಲಿಟಲ್ ಎಲ್ಮ್‌ಗೆ ಇಟ್ಟಿದೀನಿ ಕಣ್ರೀ. ಅದು ಪಾಠ." ಕಂಜಿರ ಪಕ್ಕಕ್ಕಿಟ್ಟು, "ಎದ್ದೇಳಿ. ಈ ಸಲ ಕನ್ನಡಿ ನೀವು" ಎಂದಳು.

ಅವಳು ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಅವನು ಎಂದೋ ಉದುರಿಹೋಗಿದ್ದ ಕೂದಲನ್ನು ಸರಿಸಿದ. ಅವಳು ನೆಲ ನೋಡಿದಳು. ಅವನೂ ನೋಡಿದ. ಆಮೇಲೆ, ಯಾರ ಅನುಕರಣೆಯೂ ಅಲ್ಲದೆ, ಅವಳ ಕೈ ತಾನೇ ಮೊದಲಾಗಿ ಎದೆಯ ಮೇಲೆ ಬಂತು.

"ಕ್ಲಿಯರ್ ಲೇಕ್‌ನಿಂದ ಆಸ್ಟಿನ್‌ಗೆ ಮೂರೇ ಗಂಟೆ. ಇಲ್ಲಿಗಿಂತ ಹತ್ತಿರ. ಮ್ಯಾಪ್ ನೋಡಿದ್ದೆ" ಎಂದಳು.

"ಯಾವಾಗ ನೋಡಿದ್ರಿ?"

"ಕನ್ನಡಿ ಮಾತಾಡಲ್ಲ. ಸುಮ್ನಿರಿ."

ಅವಳು ಅಂಗೈ ಮುಂದೆ ಚಾಚಿದಳು. ಕನ್ನಡಿಯೂ ಚಾಚಿತು.

"ಮಾಮಾ, ಯು ಟಚ್ಡ್! ಯು ಆರ್ ಔಟ್!" ನಿಧಿ ಕಿರುಚಿದಳು.

ಔಟಾದವನು ಕೈ ಬಿಡಲಿಲ್ಲ. ಹೊರಗೆ ಕಂಜಿರದ ಸದ್ದೇ ಇಲ್ಲದೆ ಬಾತುಗಳು ತಾಳ ಹಾಕುತ್ತಿದ್ದವು. ನಂಬಿಕೆ ಬರದಿದ್ದರೆ ಬಾತುಗಳನ್ನೇ ಕೇಳಿ.