ಏಳು ಕಲ್ಲು, ಒಂದು ಮೊಟ್ಟೆ

"ಈ ಕಲ್ಲು ಇಟ್ಟಿದ್ದು ನೀವಾ?"

ಅರಣ್ಯ ಇಲಾಖೆಯ ಗಾರ್ಡ್ ಝಮ್ಕು ಬೈನಾಕ್ಯುಲರ್ ಇಳಿಸಿ ಕೇಳಿದಳು. ಮರಳುಬಯಲಿನಲ್ಲಿ ಅಳಿವಿನಂಚಿನ ಗೋಡಾವಣ ಹಕ್ಕಿಯ ಒಂದೇ ಒಂದು ಮೊಟ್ಟೆ, ಅದರ ಸುತ್ತ ಏಳು ಕಲ್ಲು. ತಾಯಿಹಕ್ಕಿ ದೂರದಲ್ಲೇ ಕತ್ತು ಚಾಚಿ ನಿಂತಿತ್ತು.

"ನಾನೇ," ಎಂದ ಕುರಿಗಾಹಿ ಪೂಸಾರಾಮ್, ಹೆಮ್ಮೆಯಿಂದ. "ಈದ ಕುರಿ ಸುತ್ತ ಕಲ್ಲು ಇಡ್ತೀವಲ್ಲ, ಬೇರೆಯವರ ಮಂದೆ ತುಳೀಬಾರದು ಅಂತ, ಹಾಗೆ. ನಿನ್ನ ಹಕ್ಕಿ ಅಂದ್ರೆ ನನ್ನದೂ ಅಲ್ವಾ, ಗಾರ್ಡ್ ಸಾಹೇಬ್ರೇ?"

ಬೇರೆ ದಿನವಾಗಿದ್ದರೆ ಆ ಮೀಸೆಯಂಚಿನ ನಗುವಿಗೆ ಅವಳು ಸೋತುಬಿಡುತ್ತಿದ್ದಳು.

"ಕಲ್ಲು ಕಂಡು ಅದು ಹೆದರಿದೆ! ಈ ಬಿಸಿಲಲ್ಲಿ ಇನ್ನರ್ಧ ಗಂಟೆ ಬಿದ್ದಿದ್ರೆ ಮೊಟ್ಟೆ ಬೆಂದೇ ಹೋಗುತ್ತೆ."

ಅವನ ನಗು ಮಾಯವಾಯಿತು. ಕಲ್ಲುಗಳ ಸುದ್ದಿಯನ್ನು, ಇಟ್ಟವರು ಯಾರೆಂದು ತಿಳಿಯುವ ಮೊದಲೇ, ಅವಳು ರೇಂಜರ್‌ಗೆ ತಿಳಿಸಿಬಿಟ್ಟಿದ್ದಳು. ಇಂಥ ಹಕ್ಕಿಯ ಮೊಟ್ಟೆ ಹಾಳಾದರೆ ಕೇಸು, ಜೈಲು. ಮುಂದಿನ ತಿಂಗಳ ಅವರಿಬ್ಬರ ಮದುವೆಯೂ ನಿಂತಂತೆಯೇ.

"ಹೋಗಿ ತೆಗೀತೀನಿ."

"ಬೇಡ! ಮನುಷ್ಯರನ್ನ ಕಂಡ್ರೆ ಹಾರಿಯೇ ಹೋಗುತ್ತೆ."

"ಕುರೀನ ಕಂಡ್ರೆ?"

ಅವಳು ಉತ್ತರಿಸುವ ಮೊದಲೇ ಅವನು ಕೆಂಪು ಪಗಡಿ ಬಿಚ್ಚಿ ಅವಳ ಮಡಿಲಿಗಿಟ್ಟ. ಸೊಂಟ ಬಗ್ಗಿಸಿ ತನ್ನ ಮಂದೆಯೊಳಗೆ ಸೇರಿಕೊಂಡ.

ಮಂದೆ ಮೇಯುತ್ತ ಮೇಯುತ್ತ ಮೊಟ್ಟೆಯತ್ತ ಸಾಗಿತು. ಇಷ್ಟೊಂದು ಗೊರಸು! ಒಂದು ಕುರಿ ತಪ್ಪಿ ಕಾಲಿಟ್ಟರೆ ಎಲ್ಲ ಮುಗಿಯಿತು. ಬೈನಾಕ್ಯುಲರ್‌ನಲ್ಲಿ ಉಣ್ಣೆಯ ನಡುವೆ ಅವನ ಕೈ ಕಂಡಿತು. ಒಂದು ಕಲ್ಲು. ಎರಡು. ಕುರಿಮರಿಯೊಂದು ಮೊಟ್ಟೆಯನ್ನು ಮೂಸಿತು. ಆ ಕೈ ಮರಿಯನ್ನು ಮೆಲ್ಲನೆ ಆಚೆ ತಳ್ಳಿತು. ಆರು. ಏಳು.

ಮಂದೆ ದೂರ ಸರಿಯಿತು. ತಾಯಿಹಕ್ಕಿ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಮತ್ತೆ ಇಟ್ಟಿತು. ಕೊನೆಗೆ ರೆಕ್ಕೆ ಅರಳಿಸಿ ಮೊಟ್ಟೆಗೆ ನೆರಳಾಯಿತು.

ಅವನು ಹಿಂದಿರುಗುವಷ್ಟರಲ್ಲಿ ವಾಕಿಟಾಕಿಯಲ್ಲಿ ರೇಂಜರ್ ದನಿ ಕೂಗಿತು. "ಕಲ್ಲಿಟ್ಟವನು ಸಿಕ್ಕಿದನೇನಮ್ಮ? ಹೆಸರು ಹೇಳು."

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಅವಳು ಅವನತ್ತ ನೋಡಿದಳು.

"ಹೇಳು," ಎಂದ ಅವನು. "ಇಲ್ದಿದ್ರೆ ನನ್ನ ಹಾಗೆ ನಾಳೆ ಇನ್ನೊಬ್ಬ ಇಡ್ತಾನೆ. ಎಲ್ಲರಿಗೂ ಗೊತ್ತಾಗ್ಲಿ."

ಕೈ ಹಿಡಿಯುವವನ ಹೆಸರನ್ನು ಅವರ ಸಮುದಾಯದ ಹೆಂಗಸರು ಬಾಯಿ ಬಿಟ್ಟು ಹೇಳುವುದಿಲ್ಲ. ನಿಶ್ಚಯವಾದ ಎರಡು ವರ್ಷದಲ್ಲಿ ಅವಳೂ ಒಮ್ಮೆಯೂ ಹೇಳಿರಲಿಲ್ಲ.

"ಪೂಸಾರಾಮ್ ದೇವಾಸಿ, ಸಾರ್. ಇಟ್ಟಿದ್ದೂ ಅವರೇ, ತೆಗೆದು ಮೊಟ್ಟೆ ಉಳಿಸಿದ್ದೂ ಅವರೇ. ನನ್ನ ಗಂಡ ಆಗೋರು. ಅದನ್ನೂ ಬರ್ಕೊಳ್ಳಿ."

ವಾಕಿಟಾಕಿ ಗರಗರ ಎಂದಿತು. "ಸಂಜೆ ಆಫೀಸಿಗೆ ಕರ್ಕೊಂಡು ಬಾ. ಕೇಸಾಗುತ್ತೋ ಇಲ್ವೋ ದೊಡ್ಡ ಸಾಹೇಬರು ಹೇಳ್ತಾರೆ."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಪಕ್ಕದಲ್ಲಿ ಕುಳಿತು, ಮರಳು ಮೆತ್ತಿದ ಬೆರಳಿನಿಂದ ಅವಳ ಕೆನ್ನೆ ಒರೆಸಿದ.

"ಇನ್ನೊಂದ್ಸಲ ಹೇಳೇ."

"ಏನನ್ನ?"

"ನನ್ನ ಹೆಸರು. ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."