ಎರಡು ಮೊಳದ ಸಂದಿ

ಅರ್ಜಿಯ ಏಳನೆಯ ಅಂಕಣದಲ್ಲಿ, 'ಗೋಡೆಗೂ ನೆರೆಯವರ ಗಡಿಗೂ ನಡುವಿನ ಅಂತರ' ಎಂಬುದರ ಮುಂದೆ, ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ಎರಡು ಮೊಳ.

ಶರತ ಅದನ್ನು ಎರಡು ಸಲ ಓದಿದ. ಗಜೇಂದ್ರಗಡದ ಪುರಸಭೆಗೆ ಕಿರಿಯ ಎಂಜಿನಿಯರನಾಗಿ ಬಂದ ಹದಿನಾಲ್ಕು ತಿಂಗಳಲ್ಲಿ ಅವನು ಅಡಿಯಲ್ಲಿ ಬರೆದ ಅರ್ಜಿ ಕಂಡಿದ್ದ, ಗಜದಲ್ಲಿ ಬರೆದದ್ದು ಕಂಡಿದ್ದ, ಒಮ್ಮೆ ಹೆಜ್ಜೆಯಲ್ಲಿ ಬರೆದದ್ದನ್ನೂ ಕಂಡಿದ್ದ. ಮೊಳ ಇದೇ ಮೊದಲು.

"ಮೊಳ ಯಾರದರೀ? ನಿಮ್ಮದೋ, ನಿಮ್ಮ ಅಪ್ಪಾರದೋ?"

ಕಿಟಕಿಯ ಆಚೆ ನಿಂತಿದ್ದ ಹುಡುಗಿ ನಗಲಿಲ್ಲ. ನೇಕಾರ ಹನಮಂತಪ್ಪನ ಮಗಳು ನೀಲಾ ಎಂದು ಅರ್ಜಿ ಹೇಳುತ್ತಿತ್ತು.

"ನಮ್ಮ ಅಪ್ಪಂದು. ಮಗ್ಗದ ಮನ್ಯಾಗ ಮೊಳಾನ ಖರೇ. ನಿಮಗ ಬೇಕಾದ್ರ ಸೆಂಟಿಮೀಟರ್ ಮಾಡ್ಕೊರಿ."

"ಹ್ಯಾಂಗ ಮಾಡ್ಕೊಳ್ಳಲಿ? ಒಬ್ಬೊಬ್ಬರ ಮೊಳ ಒಂದೊಂದು ನಮೂನಿ."

"ಹಂಗಾರ ಸದ್ಯ ನಂದ ಅಳೀರಿ. ಅಪ್ಪಂದು ಇದಕ್ಕಿಂತ ಉದ್ದ."

ಅವಳು ಕಿಟಕಿಯೊಳಗಿಂದ ಕೈ ಚಾಚಿ ಮೊಳಕೈಯನ್ನು ಅವನ ಮೇಜಿನ ಮೇಲೆ ಊರಿದಳು. ಎರಡು ಹಸಿರು ಬಳೆ ಜಾರಿ ಒಂದಕ್ಕೊಂದು ತಾಗಿದವು. ತೋರುಬೆರಳಿನ ತುದಿಯಲ್ಲಿ ನೂಲು ಕೊರೆದ ಸಣ್ಣ ಗೆರೆಯೊಂದಿತ್ತು. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿದರು. ಹಿಂತೆಗೆಯಲು ಆಗದ ಮಾತು ಆಡಿದ್ದೇನೆಂದು ಶರತನಿಗೆ ತಿಳಿಯಿತು. ಅವನು ಉಕ್ಕಿನ ಟೇಪನ್ನು ಎಳೆದು, ಚರ್ಮಕ್ಕೆ ತಾಗದಂತೆ ಒಂದು ಬೆರಳಷ್ಟು ಮೇಲೆ ಹಿಡಿದ.

"ನಲವತ್ಮೂರೂವರಿ."

"ಟೇಪ್ ಯಾಕ ನಡಗಾಕತ್ತೈತಿ ಸರ?"

"ಹೊಸಾ ಟೇಪರಿ."

ಅವಳ ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಮೇಲೇರಿತು, ಕೂಡಲೇ ಕೆಳಗಿಳಿಯಿತು.

ನಿಯಮ ಸರಳವಾಗಿತ್ತು. ಶರತ ಅದನ್ನು ಬಿಡಿಸಿ ಹೇಳಿದ. ಬದಿಯಲ್ಲಿ ನೂರು ಸೆಂಟಿಮೀಟರ್ ಬಿಡಬೇಕು. ನೂರಕ್ಕೆ ಐದರಷ್ಟು ಕಡಿಮೆಯಾದರೆ ಸಮಿತಿ ರಿಯಾಯಿತಿ ಕೊಡಬಹುದು. ಅಂದರೆ ತೊಂಬತ್ತೈದು. ಅದಕ್ಕೂ ಕಡಿಮೆಯಾದರೆ ರಿಯಾಯಿತಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಗೋಡೆ ಆಗಲೇ ನಿಂತಿರುವುದರಿಂದ, ಅರ್ಜಿ ತಿರಸ್ಕಾರವಾದರೆ ಗೋಡೆ ಕೆಡವಲು ನೋಟೀಸು ಹೊರಡುತ್ತದೆ.

ಅವಳು ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು.

"ನಾವು ಕೇಳಿದ್ದು ಬರೇ ಮ್ಯಾಲಿನ ತಗಡ ತಗದು ಸ್ಲ್ಯಾಬ್ ಹಾಕಾಕ. ತಗಡ ಸೋರಿ ನೂಲ ಮ್ಯಾಲ ಹನಿ ಬೀಳತೈತಿ, ಅದಕ್ಕ."

"ಹೊಸಾ ಸ್ಲ್ಯಾಬಿಗೆ ಪರವಾನಿಗಿ ಬೇಕು. ಪರವಾನಿಗಿಗೆ ಗ್ವಾಡಿ ಅಳತಿ ಬೇಕು."

"ಅರ್ಜಿ ವಾಪಸ್ ಕೊಡ್ರಿ ಹಂಗಾರ."

"ನೋಂದಣಿ ಆತರಿ. ಇನ್ನ ಗ್ವಾಡಿ ಕಡತದಾಗ ಬಂತು."

"ಆ ಗ್ವಾಡಿ ಬುಡದಾಗ ನಮ್ಮ ಅಪ್ಪನ ಮಗ್ಗದ ಕುಣಿ ಐತ್ರಿ," ಎಂದಳು ಅವಳು. ಧ್ವನಿ ತಗ್ಗಿತ್ತು. "ಗ್ವಾಡಿ ಬಿದ್ರ ಕುಣಿ ಕುಸೀತೈತಿ. ಇಪ್ಪತ್ಮೂರ ವರ್ಷ ಆ ಕುಣ್ಯಾಗ ಕಾಲ ಬಿಟ್ಟು ನೇಯ್ದ ಮನಷ್ಯಾ. ಬ್ಯಾರೆ ಕಡೆ ಕುಂದರಸಿದ್ರ ಅವರ ಕಾಲ ಹೇಳಿದ್ದ ಕೇಳೂದಿಲ್ಲ."

ಆ ಬಳಿಕ ಅವಳು ಮೂರು ಸಲ ಬಂದಳು. ನಕ್ಷೆಗೆ ಒಂದು ಸಲ, ಮನೆ ತೆರಿಗೆಯ ರಸೀದಿಗೆ ಒಂದು ಸಲ, ನೆರೆಯ ಸಿದ್ದವ್ವನ ಒಪ್ಪಿಗೆ ಪತ್ರ ಹಿಡಿದು ಒಂದು ಸಲ. ಮೂರು ಸಲವೂ ಹನ್ನೊಂದೂಕಾಲಕ್ಕೆ ಬಂದಳು. ನಾಲ್ಕನೆಯ ದಿನ ಬರಬೇಕಾದ ಕಾರಣವೇನೂ ಇರಲಿಲ್ಲ, ಅವಳು ಬರಲೂ ಇಲ್ಲ. ಆದರೂ ಹನ್ನೊಂದೂಕಾಲಕ್ಕೆ ಶರತ ತಲೆ ಎತ್ತಿ ಕಿಟಕಿಯ ಕಡೆ ನೋಡಿದ. ಅಸೂಟಿಯಿಂದ ದಿನವೂ ಬಸ್ಸಿನಲ್ಲಿ ಬರುವ ಅವನು, ಅಂದು ಸಂಜೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ದಾರಿಯುದ್ದಕ್ಕೂ ಎಣಿಸಿದ. ಬೇರೇನನ್ನಾದರೂ ಎಣಿಸಬೇಕಾಗಿತ್ತು.

ಬುಧವಾರ ಅವನು ಸ್ಥಳ ಪರಿಶೀಲನೆಗೆ ಹೋದ.

ಸಂದಿ ಕಿರಿದಾಗಿತ್ತು. ಒಂದು ಬದಿಗೆ ಸಿದ್ದವ್ವನ ಕಲ್ಲಿನ ಕಂಪೌಂಡು, ಇನ್ನೊಂದು ಬದಿಗೆ ಸುಣ್ಣ ಬಳಿದ ಮಗ್ಗದ ಮನೆಯ ಗೋಡೆ. ಒಳಗಿನಿಂದ ಮಗ್ಗದ ಹಲಗೆ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಶರತ ಟೇಪ್ ಬಿಚ್ಚಿದೊಡನೆ ಸದ್ದು ನಿಂತಿತು.

ಕಟ್ಟೆಯ ಮೇಲೆ ಕಾಳು ಆರಿಸುತ್ತ ಕುಳಿತಿದ್ದ ಸಿದ್ದವ್ವ, ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟ ಮನೆತನದ ಹಿರಿಯಳು, ಮೊರದಿಂದ ಕಣ್ಣು ತೆಗೆಯದೆ ಕೇಳಿದಳು:

"ಏನ್ ತಮ್ಮಾ, ಟೇಪ್ ಗ್ವಾಡಿಗೆ ಹಿಡದಿ, ಕಣ್ಣ ಎತ್ತಾಗೋ ಐತಲ್ಲ?"

"ಗ್ವಾಡಿ ಕಡೇನ ಐತಿ ಅಮ್ಮಾರ."

"ಹೌದಪಾ. ನಮ್ಮ ಕಾಲದಾಗೂ ಎಲ್ಲಾರ ಕಣ್ಣು ಗ್ವಾಡಿ ಕಡೇನ ಇರತಿತ್ತು."

ಟೇಪಿನ ಇನ್ನೊಂದು ತುದಿ ನೀಲಾಳ ಕೈಯಲ್ಲಿತ್ತು. ಅವಳ ಕಿವಿ ಕೆಂಪಾಯಿತು. ಕೈ ಮಾತ್ರ ಅಲುಗಲಿಲ್ಲ.

ಮೂರು ಕಡೆ ಅಳೆಯಬೇಕು, ಮೂರರಲ್ಲಿ ಕಡಿಮೆಯದನ್ನು ಬರೆಯಬೇಕು. ಮುಂದೆ ತೊಂಬತ್ನಾಲ್ಕು ಪಾಯಿಂಟ್ ಏಳು. ನಡುವೆ ತೊಂಬತ್ನಾಲ್ಕು ಪಾಯಿಂಟ್ ಎರಡು. ಹಿಂದೆ ತೊಂಬತ್ಮೂರು ಪಾಯಿಂಟ್ ಆರು. ಶರತ ಹಿಂದಿನದನ್ನು ಇನ್ನೆರಡು ಸಲ ಅಳೆದ. ಮೂರು ಸಲವೂ ಅದೇ ಬಂತು.

ಬಾಗಿಲಲ್ಲಿ ಹನಮಂತಪ್ಪ ನಿಂತಿದ್ದ. ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ, ಇಷ್ಟು ವರ್ಷದ ಜೊತೆಗಾರ ಸುಳ್ಳು ಹೇಳಿದನೋ ಎಂಬಂತೆ. ಆಮೇಲೆ ಒಳಗೆ ಹೋದ.

ಶರತ ಪೆನ್ನು ತೆರೆದ. ನೀಲಾ ಹತ್ತಿರ ಬಂದಳು. ಆ ಸಂದಿಯಲ್ಲಿ ಇಬ್ಬರು ಎದುರುಬದುರಾಗಿ ನಿಂತರೆ ಇನ್ನೊಬ್ಬರು ದಾಟಲಾರರು.

"ಒಂದು ಪಾಯಿಂಟ್ ನಾಕು," ಎಂದಳು ಅವಳು. ಲೆಕ್ಕ ಅವಳಿಗೂ ಬರುತ್ತಿತ್ತು. "ಬೆರಳಿನ ಅಗಲಾನೂ ಇಲ್ಲ."

"ಇಲ್ಲರಿ."

"ನೀವು ಏನ ಬರೀತೀರಿ ಅದ ಅಳತಿ. ಯಾರೂ ಬಂದು ತಿರಗಿ ನೋಡೂದಿಲ್ಲ."

ಅವಳು ಬೇಡುತ್ತಿರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದಳು. ಅದೇ ಹೆಚ್ಚು ಕಷ್ಟದ್ದಾಗಿತ್ತು. ಅವಳ ಕಣ್ಣರೆಪ್ಪೆಯ ಮೇಲೆ ಹತ್ತಿಯ ಒಂದು ಎಳೆ ಕುಳಿತಿತ್ತು. ತೆಗೆಯಲು ಕೈ ಏಳದಂತೆ ಶರತ ಕಡತವನ್ನು ಎರಡೂ ಕೈಯಿಂದ ಹಿಡಿದ.

"ಬರೀಬಹುದು," ಎಂದ. "ಆದ್ರ ನನಗ ನಿಮ್ಮನ್ನ ಒಂದ ಮಾತ ಕೇಳೂದೈತಿ. ಈ ಕಡತ ಮುಗಿದ ಮ್ಯಾಲ. ಇವತ್ತ ನಾ ತೊಂಬತ್ತೈದು ಅಂತ ಬರದ್ರ, ನಾಳೆ ಆ ಮಾತ ಕೇಳಿದಂಗ ಆಗೂದಿಲ್ಲ, ವಸೂಲಿ ಮಾಡಿದಂಗ ಆಗತೈತಿ. ನೀವು ಇಲ್ಲಾ ಅನ್ನಾಕ ಅಂಜಬೇಕಾಗತೈತಿ. ಅದು ನನಗ ಬ್ಯಾಡ."

ಅವಳು ಅವನನ್ನು ನೋಡಿದಳು. ಎಷ್ಟು ಹೊತ್ತು ಎಂಬುದನ್ನು ಮಾತ್ರ ಅವನು ಲೆಕ್ಕ ಇಡಲಿಲ್ಲ.

"ಬರೀರಿ," ಎಂದಳು.

ಅವನು 93.6 ಎಂದು ಬರೆದ. ಅವಳು ಟೇಪಿನ ತುದಿಯನ್ನು ಅವನ ಅಂಗೈಯಲ್ಲಿ ಇಟ್ಟು, ಹಿಂದಿರುಗಿ ನೋಡದೆ ಒಳಗೆ ಹೋದಳು. ಅವನು ಓಣಿಯ ತಿರುವು ದಾಟುವ ಮೊದಲೇ ಮಗ್ಗದ ಸದ್ದು ಮತ್ತೆ ಕೇಳಿತು. ಈ ಸಲದ್ದು ಹನಮಂತಪ್ಪನ ಬಡಿತವಾಗಿರಲಿಲ್ಲ. ಇನ್ನೂ ಚುರುಕಾಗಿತ್ತು, ಸಿಟ್ಟಿನಂತೆಯೂ ಕೇಳುತ್ತಿತ್ತು.

ಸಮಿತಿಯ ಸಭೆ ಮುಂದಿನ ಗುರುವಾರ. ನಡುವಿನ ಏಳು ದಿನ ಹನ್ನೊಂದೂಕಾಲು ಬಂತು, ಹೋಯಿತು.

ಗುರುವಾರ ಮುಖ್ಯಾಧಿಕಾರಿಗಳು ಕಡತ ತೆರೆದಾಗ ಹನಮಂತಪ್ಪ, ಅವನ ಹೆಂಡತಿ ವೀರವ್ವ, ನೀಲಾ ಮೂವರೂ ಬೆಂಚಿನ ಮೇಲಿದ್ದರು. ನೆರೆಯವಳೆಂದು ಸಿದ್ದವ್ವನೂ ಬಂದಿದ್ದಳು. ನೀಲಾಳ ಉಗುರುಗಳಲ್ಲಿ ಕೆಮ್ಮಣ್ಣು ತುಂಬಿತ್ತು. ಅವಳು ಶರತನ ಕಡೆ ನೋಡಲಿಲ್ಲ.

"ತೊಂಬತ್ಮೂರು ಪಾಯಿಂಟ್ ಆರು," ಎಂದು ಮುಖ್ಯಾಧಿಕಾರಿಗಳು ಓದಿದರು. "ನಮ್ಮ ಕೈಯಾಗ ಏನೂ ಇಲ್ಲ ಹನಮಂತಪ್ಪಾರ."

ನೀಲಾ ಎದ್ದು ನಿಂತಳು. ಮಡಿಲಿನ ಅರಿವೆಯ ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಅಂಗೈ ಅಗಲದ ಒಂದು ಮಣ್ಣಿನ ಹಕ್ಕಳೆ.

"ಇದೇನವಾ?"

"ಗ್ವಾಡಿ ಅಲ್ಲರಿ. ಗ್ವಾಡಿ ಮ್ಯಾಲಿಂದು."

ವೀರವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. "ತಪ್ಪು ನಂದರಿ ಸಾಹೇಬರ. ಮಗ್ಗದ ಖೋಲಿ ಬಿಸಿ ಆದ್ರ ನೂಲ ಒಣಗಿ ಕಡೀತೈತಿ. ಅದಕ್ಕ ವರ್ಷಾ ದಸರಾದಾಗ ಮಾನೌಮಿ ಮುಂದ, ಮಗ್ಗದ ಪೂಜಿಗಿಂತ ಮದಲ, ಹೊರಗಿನ ಗ್ವಾಡಿಗೆ ಕೆಮ್ಮಣ್ಣ ಬಳದು ಸುಣ್ಣಾ ಹಚ್ಚತೀವಿ. ಹಳೇದು ಕೆರೆಯೂದಿಲ್ಲ. ಅದರ ಮ್ಯಾಲ ಇದು. ನಮ್ಮತ್ತಿ ಹಂಗ ಕಲಸ್ಯಾಳ."

"ಅಂಚ ನೋಡ್ರಿ," ಎಂದಳು ನೀಲಾ. "ಎಳಿ ಎಣಿಸಿದಂಗ ಎಣಿಸೇನಿ. ಒಂದು ಕೆಂಪು, ಒಂದು ಬಿಳಿ. ಇಪ್ಪತ್ಮೂರು ಜೋಡಿ. ಗ್ವಾಡಿ ಕಟ್ಟಿ ಇಪ್ಪತ್ಮೂರು ವರ್ಷ. ನಮ್ಮ ಅಪ್ಪ ಮೊಳಾ ಹಾಕಿದ್ದು ಗ್ವಾಡಿ ಕಟ್ಟಿದಾಗ, ಒಂದ ಕೋಟೂ ಬಳಿಯೂಕಿಂತ ಮದಲ. ಸಂದಿ ಸಣ್ಣದು ಮಾಡಿದವರು ನಾವ. ನಿನ್ನೆ ಮುಂಜಾನಿಂದ ಅಷ್ಟೂ ಕೆರದೇವಿ. ಈಗ ಅಳೀರಿ."

ಶರತ ಹಕ್ಕಳೆಯ ಅಂಚನ್ನು ನೋಡಿದ. ಒಂದು ಜೋಡಿ ಪದರಕ್ಕೆ ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ. ಪಾಯಿಂಟ್ ಏಳು ಎನ್ನೋಣ. ಇಪ್ಪತ್ಮೂರು ಏಳಲಿ ನೂರ ಅರವತ್ತೊಂದು. ಹದಿನಾರು ಮಿಲಿಮೀಟರ್ ಮತ್ತು ಚೂರು. ತೊಂಬತ್ಮೂರು ಪಾಯಿಂಟ್ ಆರಕ್ಕೆ ಒಂದು ಪಾಯಿಂಟ್ ಆರು ಕೂಡಿಸಿದರೆ ತೊಂಬತ್ತೈದು ಪಾಯಿಂಟ್ ಎರಡು. ಎರಡು ಮಿಲಿಮೀಟರ್ ಉಳಿಯುತ್ತದೆ. ಉಳಿಯಬಹುದು. ಉಳಿಯದೆಯೂ ಇರಬಹುದು.

"ಶರತ, ಹೋಗಿ ಇನ್ನೊಮ್ಮೆ ಅಳದ ಬಾ."

"ನಾ ಅಳಿಯೂದಿಲ್ಲರಿ."

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದರು. "ಯಾಕ?"

ಎರಡು ಮಿಲಿಮೀಟರ್ ಎಂದರೆ ಟೇಪನ್ನು ಬಿಗಿಯಾಗಿ ಹಿಡಿದರೆ ಒಂದು, ಸಡಿಲಾಗಿ ಹಿಡಿದರೆ ಇನ್ನೊಂದು. ಈ ಸಲ ತನ್ನ ಕೈ ಏನು ಮಾಡೀತೆಂದು ಶರತನಿಗೆ ಗೊತ್ತಿರಲಿಲ್ಲ.

"ಈ ಮನಿ ಜೋಡಿ ಸಂಬಂಧ ಬೆಳಸೂ ವಿಚಾರ ನನ್ನ ಮನಸಿನ್ಯಾಗ ಐತ್ರಿ," ಎಂದ. "ಅವರನ್ನ ನಾ ಇನ್ನೂ ಕೇಳಿಲ್ಲ. ಅವರು ಒಪ್ಪತಾರೋ ಇಲ್ಲೋ ಅದೂ ಗೊತ್ತಿಲ್ಲ. ಆದ್ರ ಮನಸ ಐತಿ. ಅದಕ್ಕ ಟೇಪ್ ನನ್ನ ಕೈಯಾಗ ಇರಬಾರದು. ಬ್ಯಾರೇದವರನ್ನ ಕಳಸ್ರಿ."

ವೀರವ್ವ ಗಂಡನ ಮುಖ ನೋಡಿದಳು. ಹನಮಂತಪ್ಪ ನೆಲ ನೋಡಿದ. ನೀಲಾ ಹಕ್ಕಳೆಯನ್ನು ಮತ್ತೆ ಅರಿವೆಯಲ್ಲಿ ಕಟ್ಟತೊಡಗಿದಳು. ಗಂಟು ಎರಡು ಸಲ ಜಾರಿತು.

"ಇದನ್ನ ಸಭಾದ ಠರಾವಿನ್ಯಾಗ ಬರೀಬೇಕಾಗತೈತಿ," ಎಂದರು ಮುಖ್ಯಾಧಿಕಾರಿಗಳು.

"ಬರಕೊರಿ ಸಾಹೇಬರ, ಲಗೂ ಬರಕೊರಿ," ಎಂದಳು ಸಿದ್ದವ್ವ. "ನಾಳೆ ನಾ ಅಂದೇ ಇಲ್ಲ ಅಂದಾನು."

ಶುಕ್ರವಾರ ರೋಣದಿಂದ ಸರ್ವೇಯರ್ ನಿಜಾಮುದ್ದೀನ ಬಂದ. ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ಶರತನನ್ನು ಓಣಿಯ ತುದಿಯಲ್ಲೇ ನಿಲ್ಲಿಸಿದ. ಅಲ್ಲಿಂದ ಸಂದಿ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು.

"ಮುಂದ, ತೊಂಬತ್ತಾರು ಪಾಯಿಂಟ್ ಮೂರು."

"ನಡುವ, ತೊಂಬತ್ತೈದು ಪಾಯಿಂಟ್ ಎಂಟು."

ಆಮೇಲೆ ಏನೂ ಕೇಳಲಿಲ್ಲ. ಶರತ ಇಪ್ಪತ್ತರವರೆಗೆ ಎಣಿಸಿದ. ನಲವತ್ತರವರೆಗೆ ಎಣಿಸಿದ.

"ಇಲ್ಲಿ ಒಂದ ಮಣ್ಣಿನ ಗಂಟ ಉಳದೈತಿ," ಎಂದಿತು ನಿಜಾಮುದ್ದೀನನ ಧ್ವನಿ. "ಹಿಂಗ ಬರದ್ರ ತೊಂಬತ್ನಾಕು ಪಾಯಿಂಟ್ ಒಂಬತ್ತು ಆಗತೈತಿ. ಬರೀಲೋ, ತಗೀತೀರೋ?"

ಕಲ್ಲಿನ ಮೇಲೆ ಅಂಗೈ ಉಜ್ಜಿದ ಸದ್ದು ಬಂತು. ಮಣ್ಣು ಉದುರಿತು. ಅದು ಹನಮಂತಪ್ಪನ ಕೈಯೆಂದು, ಕಾಣದಿದ್ದರೂ ಶರತನಿಗೆ ತಿಳಿಯಿತು.

"ಹಿಂದ, ತೊಂಬತ್ತೈದು ಪಾಯಿಂಟ್ ಎರಡು. ಇನ್ನೊಮ್ಮೆ. ತೊಂಬತ್ತೈದು ಪಾಯಿಂಟ್ ಎರಡು. ಮುಗೀತು."

ನಿಜಾಮುದ್ದೀನ ಹೊರಗೆ ಬಂದು ಟೇಪ್ ಸುತ್ತಿದ. "ಹನಮಂತಪ್ಪಾರ ಮೊಳ ಅಳದ ನೋಡಿದೆ. ನಲವತ್ತೇಳೂವರಿ ಆತು. ಎರಡ ಮೊಳ ಅಂತ ಬರದದ್ದು ಖರೇನ ಇತ್ತು," ಎಂದು ಹೇಳಿ ಬಸ್ಸಿಗೆ ನಡೆದ.

ಶರತ ಸಂದಿಯ ಬಾಯಿಗೆ ಬಂದು ನಿಂತ. ಸುಣ್ಣ ಕಳೆದುಕೊಂಡ ಗೋಡೆ ಕಲ್ಲು ಕಲ್ಲಾಗಿ ಕಾಣುತ್ತಿತ್ತು. ನೀಲಾ ಅದಕ್ಕೆ ಬೆನ್ನು ತಾಗಿಸಿ ನಿಂತಿದ್ದಳು. ಕೆಮ್ಮಣ್ಣು ಅವಳ ಕೂದಲಿನವರೆಗೆ ಹತ್ತಿತ್ತು.

"ಪರವಾನಿಗಿ ಸೋಮವಾರ ಕೈಗೆ ಬರತೈತ್ರಿ," ಎಂದ ಅವನು. "ಸಹಿ ನಂದಲ್ಲ."

"ಗೊತ್ತೈತಿ."

"ಕಡತ ಮುಗೀತು."

"ಅದೂ ಗೊತ್ತೈತಿ." ಅವಳು ಉಗುರಿನ ಮಣ್ಣನ್ನು ತೆಗೆಯುತ್ತಿದ್ದಳು. "ಏನೋ ಕೇಳೂದೈತಿ ಅಂದಿದ್ರಿ. ಸಭಾದಾಗ ಎಲ್ಲಾರಿಗೂ ಹೇಳಿದ್ರಿ. ನನ್ನ ಒಬ್ಬಾಕಿನ್ನ ಕೇಳಿಲ್ಲ."

ಅವನು ಕೇಳಿದ. ಕೇಳಲು ಐದು ಪದ ಬೇಕಾದವು. "ನೀಲಾ, ನನ್ನ ಮದಿವಿ ಆಗ್ತೀರಿ ಏನು?"

ಅವಳು ಮಗ್ಗದ ಮನೆಯ ಕಿಟಕಿಯ ಕಡೆ ಗದ್ದ ತಿರುಗಿಸಿ ತೋರಿಸಿದಳು. ಒಳಗೆ ಮಗ್ಗದ ಮೇಲೆ ಪಟ್ಟೇದ ಅಂಚಿನ ಸೀರೆಯೊಂದಿತ್ತು. ದಾಳಿಂಬೆಯ ಬಣ್ಣ.

"ಹನ್ನೆರಡೂವರಿ ಮೊಳದ ಸೀರಿ. ಒಂಬತ್ತ ಮೊಳ ಆಗೈತಿ. ಅದು ಮುಗೀಲಿ, ಆಮ್ಯಾಲ ನಿಮ್ಮ ಅವ್ವಾ ಅಪ್ಪಾರನ್ನ ಕರಕೊಂಡ ಬರ್ರಿ."

"ಯಾರ ಮೊಳದರೀ?"

"ನಂದು. ನಲವತ್ಮೂರೂವರಿ. ನೀವ ಅಳದದ್ದು."

ಅವನಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. "ಅಂಗಡಿಯವರು ಕಾಯಾಕತ್ತಾರೇನು ಈ ಸೀರಿಗೆ?"

"ಇದು ಅಂಗಡಿಗೆ ಹೋಗೂದಲ್ಲ. ನಾ ಉಡೂದು."

"ದಿನಕ್ಕ ಎಷ್ಟ ಮೊಳ ನೇಯ್ತೀರಿ?"

"ಒಂದು. ಗ್ವಾಡಿ ಕೆರದ ದಿನಾನೂ ಬಿಟ್ಟಿಲ್ಲ."

ಅವಳು ಸೆರಗಿನಿಂದ ಮುಖದ ಮಣ್ಣು ಒರೆಸಿಕೊಂಡು ಒಳಗೆ ಹೋದಳು. ಹೋಗುವಾಗ ಬಾಗಿಲಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು.

ಶರತ ಆ ಸಂದಿಯಲ್ಲೇ ನಿಂತು ಎಣಿಸಿದ. ದಿನಕ್ಕೊಂದು ಮೊಳ; ಒಂಬತ್ತು ಮೊಳಕ್ಕೆ ಒಂಬತ್ತು ದಿನ. ಇಂದು ಶುಕ್ರವಾರ. ಒಂಬತ್ತು ದಿನ ಹಿಂದಕ್ಕೆ ಹೋದರೆ, ಸೀರೆ ಶುರುವಾದದ್ದು ಬುಧವಾರ. ಅಂದು ಇದೇ ಜಾಗದಲ್ಲಿ ಅವಳ ಕಣ್ಣೆದುರಿಗೆ ಅವನು 93.6 ಎಂದು ಬರೆದಿದ್ದ.

ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದ. ಅದೇ ಬಂತು.