ಗುರುವಾರ ಶಶಿಗೆ ಬಿಡುವಿಲ್ಲ

"ಮೇಡಂ, ಒಂದು ಹೆಜ್ಜೆ ಆ ಕಡೆ ಸರೀರಿ. ನನ್ನ ಫ್ರೇಮಲ್ಲಿ ಗಂಡಿನ ಬದಲು ನೀವೇ ಕಾಣ್ತಿದ್ದೀರ."

ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ಓಲಗದ ಸದ್ದು ಏರುತ್ತಿತ್ತು. ಇನ್ನೇನು ತಾಳಿ ಕಟ್ಟುವ ಗಳಿಗೆ. ನಿಸರ್ಗ ತಿರುಗಿಯೂ ನೋಡಲಿಲ್ಲ.

"ನಾನು ಹೆಣ್ಣಿನ ಕಡೆ ಫೋಟೋಗ್ರಾಫರ್. ಬೇಕಿದ್ರೆ ನೀವೇ ಸರ್ಕೊಳ್ಳಿ."

ಮಾತು ಮುಗಿಯುವಷ್ಟರಲ್ಲಿ ಅವಳ ಕ್ಯಾಮೆರಾ ನಿಂತೇ ಹೋಯಿತು. ಮೆಮೊರಿ ಕಾರ್ಡ್ ತುಂಬಿತ್ತು. ಬೆಳಗಿನಿಂದ ಹೂವು, ತಟ್ಟೆ, ತೋರಣ ಅಂತ ಕಂಡದ್ದನ್ನೆಲ್ಲ ತೆಗೆದು ತುಂಬಿಸಿಬಿಟ್ಟಿದ್ದಳು. ಇನ್ನೊಂದು ಕಾರ್ಡ್ ಇದ್ದ ಬ್ಯಾಗು ಮಹಡಿ ಮೇಲಿನ ರೂಮಿನಲ್ಲಿತ್ತು.

'ಮುಗೀತು… ಇದೇ ನನ್ನ ಮೊದಲನೇ ಮದುವೆ ಆರ್ಡರ್, ಇದೇ ಕೊನೇದು.'

ಅಷ್ಟರಲ್ಲಿ ಅವಳ ಭುಜದ ಪಕ್ಕದಿಂದ ಒಂದು ಕೈ ಮುಂದೆ ಬಂತು. ಅಂಗೈಯಲ್ಲಿ ಒಂದು ಕಾರ್ಡ್.

"ಹಾಕ್ಕೊಳ್ಳಿ. ಬೇಗ."

ಮೂರನೇ ಗಂಟು ಬೀಳುವಷ್ಟರಲ್ಲಿ ಅವಳು ಕ್ಯಾಮೆರಾ ಎತ್ತಿದ್ದಳು. ಫೋಟೋ ಬಂತು.

ಕೈ ಚಾಚಿದವನು ಗಂಡಿನ ಕಡೆಯ ಫೋಟೋಗ್ರಾಫರ್, ಅರಕಲಗೂಡಿನ ಶಶಿಕುಮಾರ್. ಊಟದ ಪಂಕ್ತಿಯಲ್ಲಿ ಎದುರಿಗೇ ಕೂತವನು, "ಮುಹೂರ್ತಕ್ಕೆ ಮುಂಚೆ ಕಾರ್ಡ್ ಬದಲಾಯಿಸ್ಬೇಕು ರೀ. ನಾನೂ ಒಂದು ಮದುವೇಲಿ ಹೀಗೇ ಒದ್ದಾಡಿದ್ದೆ," ಎಂದ. ಅವನು ಗೇಲಿ ಮಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಗೇಲಿ ಮಾಡಲಿಲ್ಲ.

ಹಾಸನದ ಒಂದು ಕಲರ್ ಲ್ಯಾಬಿನಲ್ಲಿ ಮೂರು ವರ್ಷ ಬೇರೆಯವರ ಮದುವೆ ಫೋಟೋಗಳಿಗೆ ಬಣ್ಣ ತಿದ್ದಿದವಳು ನಿಸರ್ಗ. ಆಮೇಲೆ ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರ ಪುಟ್ಟದೊಂದು ಮಳಿಗೆ ಹಿಡಿದು ಸ್ಟುಡಿಯೋ ತೆರೆದಳು. ಅಪ್ಪ ನಟರಾಜ ಒಪ್ಪಿದ್ದು ಒಂದೇ ಮಾತಿನ ಮೇಲೆ. "ಒಂದು ವರ್ಷ ನೋಡು ಮಗಾ. ನಿಂತ್ರೆ ನಿಲ್ಲಲಿ. ಇಲ್ಲಾಂದ್ರೆ ಬಾಗಿಲು ಹಾಕಿ ಮದ್ವೆಗೆ ಒಪ್ಕೋಬೇಕು."

ಆ ಮದುವೆಯ ನಂತರ ಶಶಿ ಆಗಾಗ ಬರತೊಡಗಿದ. ಅವನಿಗೆ ಸ್ವಂತ ಅಂಗಡಿ ಇರಲಿಲ್ಲ. ಅವಳಿಗೆ ವಿಡಿಯೋ ಬರುತ್ತಿರಲಿಲ್ಲ. ಮೂರನೇ ತಿಂಗಳಿಗೆ ಇಬ್ಬರೂ ಸೇರಿ ಆರ್ಡರ್ ಹಿಡಿದರು. ಅವನ ತಾರೀಖುಗಳೂ ಅವಳ ಟೇಬಲ್ಲಿನ ಡೈರಿಯಲ್ಲೇ ಸೇರಿಕೊಂಡವು.

ಒಂದೊಂದು ಮದುವೆಯೂ ಒಂದೊಂದು ಪಾಠ ಕಲಿಸಿತು. ಮನೆಯ ಹಿರಿಯರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸೋದರಮಾವನೇ ಆಲ್ಬಮ್ಮಿನಲ್ಲಿ ಇರುವುದಿಲ್ಲ. ತಾರೀಖನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬಾರದು, ಬರೆದಿಡಬೇಕು. ನಾಚುವ ಹೆಣ್ಣುಮಗಳ ಮುಂದೆ ತಟ್ಟನೆ ಕ್ಯಾಮೆರಾ ಎತ್ತಬಾರದು. ಮೊದಲು ಅವಳ ಜಡೆ ಸರಿಮಾಡುತ್ತಾ ಎರಡು ಮಾತಾಡಬೇಕು. ಈ ಕೊನೆಯದು ಶಶಿಗೆ ಬಾರದ ವಿದ್ಯೆ. "ಇದನ್ನ ನಿಮ್ಮಿಂದಲೇ ಕಲೀಬೇಕು," ಎನ್ನುತ್ತಿದ್ದ. ಆಗೆಲ್ಲ ಅವಳು ಮುಖ ತಗ್ಗಿಸಿ ಲೆನ್ಸ್ ಒರೆಸುತ್ತಿದ್ದಳು.

ಹೊಟ್ಟೆಕಿಚ್ಚು ಶುರುವಾದದ್ದು ಹತ್ತನೇ ತಿಂಗಳಲ್ಲಿ.

ಒಂದು ಮದುವೆಯ ವಿಡಿಯೋ ಕಾಪಿ ಮಾಡಲು ಶಶಿಯ ಹಾರ್ಡ್ ಡಿಸ್ಕ್ ಹಾಕಿದಳು. ಪಕ್ಕದಲ್ಲೇ 'ಗೊರೂರು' ಎಂಬ ಫೋಲ್ಡರ್. ತೆರೆದರೆ ಒಬ್ಬಳೇ ಹುಡುಗಿಯ ನಲವತ್ತು ಫೋಟೋ! ಹೇಮಾವತಿಯ ಹಿನ್ನೀರು, ಅರಿಶಿನ ಬಣ್ಣದ ಸೀರೆ, ಕ್ಯಾಮೆರಾ ಹಿಡಿದವನನ್ನೇ ನೋಡಿ ನಗುವ ಕಣ್ಣು. ಪಕ್ಕದಲ್ಲಿ ಗಂಡಿಲ್ಲ, ಮನೆಯವರಿಲ್ಲ.

'ಇಷ್ಟು ಮುದ್ದಾಗಿ ತೆಗೆದಿದ್ದಾರಲ್ಲ… ಹತ್ತು ತಿಂಗಳಲ್ಲಿ ನನ್ನ ಕಡೆ ಒಂದು ಸಲನಾದ್ರೂ ಕ್ಯಾಮೆರಾ ತಿರುಗಿಸಿದ್ರಾ?'

"ಯಾರಿದು?" ಎಂದು ಸಂಜೆ ಆದಷ್ಟು ತಣ್ಣಗೆ ಕೇಳಿದಳು.

"ಹಿರೀಸಾವೆಯವರು. ದೀಪಶ್ರೀ ಅಂತ. ಗೊತ್ತಿರೋರು," ಎಂದವನ ಕಿವಿ ಕೆಂಪಾಯಿತು. ಮಾತನ್ನು ಬೇರೆ ಕಡೆಗೆ ಹೊರಳಿಸಿಬಿಟ್ಟ.

ಅಷ್ಟು ಸಾಕಾಯಿತು ನಿಸರ್ಗಳಿಗೆ. ಮರುದಿನದಿಂದ ಅವನ ಫೋನು ಗುಂಯ್ ಅಂದರೂ ಅವಳ ಕಣ್ಣು ಅತ್ತ ಹೋಗುತ್ತಿತ್ತು. ಅವನು ನಕ್ಕರೆ, ಯಾರ ಮೆಸೇಜು ನೋಡಿ ನಕ್ಕ ಎಂದು ಎದೆ ಉರಿಯುತ್ತಿತ್ತು. ಹೇಳಿಕೊಳ್ಳಲು ಹಕ್ಕೇನಿದೆ? ಅವನು ಒಂದು ಮಾತೂ ಕೊಟ್ಟಿರಲಿಲ್ಲ. ತಾನೂ ಕೇಳಿರಲಿಲ್ಲ.

ಒಂದು ಸೋಮವಾರ ಆ ಫೋಟೋದ ಹುಡುಗಿಯೇ ಅಂಗಡಿಗೆ ಬಂದಳು. ದೀಪಶ್ರೀ. ಫೋಟೋಗಿಂತ ಚೆಂದವಿದ್ದಳು.

"ಶಶಿ ಇದಾರಾ? ಅವರ ಫೋನ್ ಆಫ್ ಇದೆ. ಅಕ್ಕನ ಮನೆಗೆ ಬಂದಿದ್ದೆ, ನೋಡ್ಕೊಂಡು ಹೋಗೋಣ ಅಂತ…"

"ಮದುವೆ ಮನೇಲಿದ್ದಾರೆ. ಅಲ್ಲಿ ಫೋನ್ ಆಫ್ ಮಾಡಿಡ್ತಾರೆ."

"ಈ ಗುರುವಾರ ಅವರಿಗೆ ಬಿಡುವಿದೆಯಾ?"

ಡೈರಿ ತೆರೆದೇ ಇತ್ತು. ಗುರುವಾರದ ಪುಟ ಬೆಳ್ಳಗಿತ್ತು. ನಿಸರ್ಗ ಅದರ ಮೇಲೆ ಅಂಗೈ ಇಟ್ಟಳು.

"ಗುರುವಾರ ಶಶಿಗೆ ಬಿಡುವಿಲ್ಲ. ಈ ತಿಂಗಳೆಲ್ಲ ಇಲ್ಲ."

ದೀಪಶ್ರೀಯ ಮುಖ ಸಪ್ಪಗಾಯಿತು. "ಓ… ಹೋಗ್ಲಿ ಬಿಡಿ. ಅವರಿಗೆ ತೊಂದರೆ ಕೊಡೋದು ಬೇಡ," ಎಂದು ಸ್ಟುಡಿಯೋದ ನಂಬರ್ ಬರೆದುಕೊಂಡು ಇಳಿದು ಹೋದಳು.

ನಿಸರ್ಗಳಿಗೆ ಒಂದು ಗಳಿಗೆ ಗೆದ್ದ ಹಾಗನ್ನಿಸಿತು. ಆ ಗೆಲುವು ಸಂಜೆಯವರೆಗೂ ಉಳಿಯಲಿಲ್ಲ. ಶಶಿ ಬಂದು, "ಯಾರಾದ್ರೂ ಬಂದಿದ್ರಾ?" ಎಂದಾಗ, "ಇಲ್ಲ," ಎಂದಳು. ಸುಳ್ಳು ಎರಡಾಯಿತು.

ಬುಧವಾರ ಮಧ್ಯಾಹ್ನ ಸ್ಟುಡಿಯೋ ನಂಬರಿಗೆ ಮೆಸೇಜು ಬಂತು.

'ಮೇಡಂ, ನಾನು ದೀಪಶ್ರೀ. ನಾಳೆಗೆ ಬೇರೆ ಫೋಟೋಗ್ರಾಫರ್ ಯಾರಾದ್ರೂ ಗೊತ್ತಾ? ಶುಕ್ರವಾರ ಹಾಸನದಲ್ಲಿ ಅಜ್ಜಿಗೆ ತಲೆ ಆಪರೇಷನ್. ಕೂದಲೆಲ್ಲ ತೆಗೀತಾರಂತೆ. ಅದಕ್ಕೆ ಮುಂಚೆ ತಾತನ ಜೊತೆ ಒಂದು ಫೋಟೋ ಬೇಕು ಅಂತ ಅಜ್ಜಿಗೆ ಆಸೆ.'

ನಿಸರ್ಗ ಅದನ್ನು ಎರಡು ಸಲ ಓದಿದಳು.

'ಎಂಥಾ ಕೆಲಸ ಮಾಡಿಬಿಟ್ಟೆ ನಾನು…'

'ನಾನೇ ಬರ್ತೀನಿ,' ಎಂದು ಉತ್ತರ ಕಳಿಸಿದಳು.

ಗುರುವಾರ ಬೆಳಗ್ಗೆ ಅಂಗಡಿ ಬಾಗಿಲು ಹಾಕಿ, ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಹಿರೀಸಾವೆ ಬಸ್ಸು ಹತ್ತಿದಳು.

ಅಜ್ಜಿ ರೇವಮ್ಮ ಜಗಲಿ ಮೇಲೆ ಕೂತಿದ್ದಳು. ಬೆಳ್ಳಗಿನ ಕೂದಲು ಸೊಂಟದವರೆಗೂ ಇತ್ತು. ಕ್ಯಾಮೆರಾ ಕಂಡೊಡನೆ ಸೆರಗು ಮುಖಕ್ಕೆ ಬಂತು.

"ಬ್ಯಾಡ ಕಣವ್ವ, ನಾಚ್ಕೆ ಆಯ್ತದೆ."

ನಿಸರ್ಗ ಕ್ಯಾಮೆರಾ ಕೆಳಗಿಟ್ಟಳು. ಹಿಂದೆ ಕೂತು ಮೆಲ್ಲಗೆ ಜಡೆ ಹಾಕತೊಡಗಿದಳು. "ನಿಮ್ಮ ಮದುವೇಲಿ ಫೋಟೋ ತೆಗೆಸಿರಲಿಲ್ವಾ ಅಜ್ಜಿ?"

"ಎಲ್ಲೀದವ್ವ ಆಗ…"

ಕಂಬಕ್ಕೆ ಒರಗಿ ನಿಂತಿದ್ದ ತಾತ ಗಂಗಾಧರಯ್ಯ ಬಾಯಿ ಹಾಕಿದರು. "ನಲವತ್ತೆಂಟು ವರ್ಸ ಆಯ್ತು. ಇವಳ ಪಕ್ಕ ನಿಂತ್ಕಂಡು ಒಂದ್ ಫೋಟೋ ಇಲ್ಲ ಕಣವ್ವ."

ಜಡೆ ಮುಗಿಯಿತು. ದೀಪಶ್ರೀ ತಂದಿಟ್ಟಿದ್ದ ಕನಕಾಂಬರದ ದಂಡೆಯನ್ನು ನಿಸರ್ಗ ತಾತನ ಕೈಗೇ ಕೊಟ್ಟಳು. ಅವರು ತಡವರಿಸುತ್ತ ಹೆಂಡತಿಗೆ ಮುಡಿಸಿದರು. ರೇವಮ್ಮ ನಾಚಿಕೆ ಮರೆತು ಗಂಡನತ್ತ ತಿರುಗಿ ನಕ್ಕಳು. ಆಗ ನಿಸರ್ಗ ಕ್ಯಾಮೆರಾ ಎತ್ತಿದಳು.

ಕಾಫಿ ಕೊಡುತ್ತ ದೀಪಶ್ರೀ ಪಕ್ಕದಲ್ಲಿ ಕೂತಳು. "ನೀವು ನಿಸರ್ಗ ಅಲ್ವಾ? ಶಶಿ ಹೇಳಿದ್ರು."

"ಏನಂತ?"

"ಮನೆಯವರ ಒತ್ತಾಯಕ್ಕೆ ನನ್ನ ನೋಡೋಕೆ ಬಂದಿದ್ರು. ಐದೇ ನಿಮಿಷಕ್ಕೆ, 'ಕ್ಷಮಿಸಿ, ನನ್ನ ಮನಸ್ಸಲ್ಲಿ ಒಬ್ಬರಿದ್ದಾರೆ' ಅಂದ್ರು. ನನಗೂ ಈ ಸಂಬಂಧ ಅಷ್ಟಕ್ಕಷ್ಟೇ ಇತ್ತು. ಹಾಗಾದ್ರೆ ದಂಡ ಕಟ್ಟಿ, ಬೇರೆ ಗಂಡಿಗೆ ಕಳಿಸೋಕೆ ಒಳ್ಳೆ ಫೋಟೋ ತೆಗೆದುಕೊಡಿ ಅಂದೆ. ಗೊರೂರಿಗೆ ಕರ್ಕೊಂಡು ಹೋಗಿದ್ರು. ನನ್ನ ತಮ್ಮನೂ ಇದ್ದ."

ನಿಸರ್ಗಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನಿಮಗೆ ಯಾಕೆ ಇನ್ನೂ ಹೇಳಿಲ್ಲ ಅಂತ ಕೇಳಿದೆ. 'ಅವರ ಅಂಗಡಿಗೆ ಒಂದು ವರ್ಷ ತುಂಬಲಿ. ಈಗಲೇ ಮದುವೆ ಮಾತೆತ್ತಿದ್ರೆ ಅವರ ಮನೇಲಿ ಬಾಗಿಲು ಹಾಕಿಸ್ತಾರೆ' ಅಂದ್ರು."

ನಿಸರ್ಗಳ ಕಣ್ಣು ತುಂಬಿ ಬಂತು. "ದೀಪಶ್ರೀ ಅವ್ರೇ… ಸೋಮವಾರ ನಾನು ಹೇಳಿದ್ದು ಸುಳ್ಳು. ಶಶಿಗೆ ಬಿಡುವಿತ್ತು. ತಪ್ಪಾಯ್ತು."

ದೀಪಶ್ರೀ ಜಗಲಿಯತ್ತ ನೋಡಿದಳು. ಅಲ್ಲಿ ಅಜ್ಜಿ ಇನ್ನೂ ತಾತನ ಪಕ್ಕವೇ ಕೂತಿದ್ದಳು.

"ನೀವು ಬಂದಿರದಿದ್ರೆ ನಾನು ಕ್ಷಮಿಸ್ತಿರಲಿಲ್ಲ," ಎಂದಳು. "ಅವರಿಗೂ ನೀವೇ ಹೇಳಿ."

ಶನಿವಾರ ಬೆಳಗ್ಗೆ ಅಜ್ಜಿಯ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಸುದ್ದಿ ಬಂತು. ಅದೇ ಹೊತ್ತಿಗೆ ಶಶಿ ಸ್ಟುಡಿಯೋ ಮೆಟ್ಟಿಲು ಹತ್ತಿದ. ಕಂಪ್ಯೂಟರಿನಲ್ಲಿ ರೇವಮ್ಮ, ಗಂಗಾಧರಯ್ಯನವರ ಫೋಟೋ ನೋಡಿ ನಿಂತುಬಿಟ್ಟ.

"ಇದು ದೀಪಶ್ರೀ ಅಜ್ಜಿ ತಾತ ಅಲ್ವಾ? ನಿಮಗೆ ಹೇಗೆ…"

ನಿಸರ್ಗ ಎಲ್ಲವನ್ನೂ ಹೇಳಿದಳು. ಡೈರಿಯ ಮೇಲೆ ಅಂಗೈ ಇಟ್ಟದ್ದನ್ನೂ ಬಿಡಲಿಲ್ಲ.

ಅವನ ಮುಖ ಬಿಗಿಯಿತು. "ನನ್ನ ಹೆಸರಲ್ಲಿ ಸುಳ್ಳು ಹೇಳಿದ್ರಾ? ಆ ಫೋಟೋ ತಪ್ಪಿಹೋಗಿದ್ರೆ?"

"ಗೊತ್ತು. ಅದು ಮತ್ತೆ ಸಿಗ್ತಿರಲಿಲ್ಲ."

"ಯಾಕೆ ನಿಸರ್ಗ?"

"ಹೊಟ್ಟೆಕಿಚ್ಚು." ಅವಳ ಕಣ್ಣಿಂದ ಹನಿ ಜಾರಿತು. "ನೀವು ಅವಳನ್ನ ನೋಡಿದ ಹಾಗೆ ನನ್ನ ನೋಡಲ್ಲ ಅಂದ್ಕೊಂಡೆ. ನನಗೆ… ನೀವು ಬೇಕು ಶಶಿ. ಹೇಳೋಕೆ ಬರದೆ ಸುಳ್ಳು ಹೇಳಿದೆ."

ಹೊರಗೆ ಅರಕಲಗೂಡಿನ ಬಸ್ಸು ಹಾರ್ನ್ ಹಾಕಿ ಹೊರಟಿತು. ಶಶಿ ಸ್ಟೂಲ್ ಎಳೆದುಕೊಂಡು ಅವಳೆದುರು ಕೂತ.

"ದೀಪಶ್ರೀ ಎಲ್ಲ ಹೇಳಿಬಿಟ್ರಾ?"

ಅವಳು ತಲೆಯಾಡಿಸಿದಳು.

"ವರ್ಷ ತುಂಬೋಕೆ ಇನ್ನೂ ಎರಡು ತಿಂಗಳಿದೆ. ಅಷ್ಟು ತಡ್ಕೊಳ್ಳೋಣ ಅಂತಿದ್ದೆ."

"ಕೋಪ ಇದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಆದರೆ ಎರಡು ತಿಂಗಳು ಆದ ದಿನವೇ ಅಮ್ಮನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ಅಂಗಡಿ ಬಾಗಿಲು ಹಾಕೋ ಮಾತು ಯಾರೂ ಎತ್ತಬಾರದು ಅಂತ ನಿಮ್ಮಪ್ಪನ ಹತ್ರ ನಾನೇ ಕೇಳ್ಕೋತೀನಿ."

"ಅಷ್ಟರಲ್ಲಿ ಕೋಪ ಇಳೀದಿದ್ರೆ?"

ಶಶಿ ಅವಳ ಕೆನ್ನೆಯ ಮೇಲಿನ ಹನಿಯನ್ನು ಹೆಬ್ಬೆರಳಿನಿಂದ ಒರೆಸಿದ. ಅಲ್ಲಿಯವರೆಗೂ 'ನೀವು' ಎನ್ನುತ್ತಿದ್ದವನು ಮೊದಲ ಸಲ ಏಕವಚನದಲ್ಲಿ ಮಾತಾಡಿದ.

"ಕೋಪದಲ್ಲೇ ಬರ್ತೀನಿ. ನೀನು ಬಾಗಿಲು ತೆಗಿ, ಸಾಕು."